ಲ್ಯಾಟಿನ್ ಓದಿದವನಿಗೆ ಹೆಣ್ಣು ಕೊಡುವುದೇ?

ನನ್ನನ್ನು ಕಂಡರೆ ಜನಕ್ಕೆ ಅದೇನೋ ಅನುಮಾನ. ಇವತ್ತಿಗೂ ಅಷ್ಟೆ. ಪಿಂಚಣಿ ತಗೊಂಡು ಆರಾಮಾಗಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತರೆ, ಮಾರುವವಳು ಬದನೆಕಾಯಿ ನೋಡುವುದಿಲ್ಲ, ನನ್ನ ಕೈ ನೋಡುತ್ತಾಳೆ. ಮುಖದ ದೋಷವೋ ಏನೋ. ಮನೆಯವಳು ಮಾತ್ರ, "ಮುಖ ಪಾಪ, ಏನು ಮಾಡೀತು? ನಿಮ್ಮ ವಿದ್ಯೆಯ ದೋಷ" ಎನ್ನುತ್ತಾಳೆ. ಅವಳ ಮಾತೇ ಸರಿ ಇರಬೇಕು, ಏಕೆಂದರೆ ಆ ವಿದ್ಯೆಯ ದೆಸೆಯಿಂದ ಅವಳೇ ನನ್ನ ಕೈ ತಪ್ಪಿ ಹೋಗುತ್ತಿದ್ದಳು.

ಈ ಇಪ್ಪತ್ತನೆಯ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ನಾನು ಬೆಂಗಳೂರಿನ ಕಾಲೇಜಿನಲ್ಲಿ ಓದಿ ಬಂದು ಚಳ್ಳಕೆರೆಯ ಇಂಗ್ಲಿಷ್ ಶಾಲೆಗೆ ಮೇಷ್ಟರಾಗಿದ್ದೆ. ಕಾಲೇಜಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ನಮಗೆ ಲ್ಯಾಟಿನ್ ಹೇಳಿಕೊಟ್ಟಿದ್ದ. ಅವನಿಗೆ ಪುಸ್ತಕದ ಲ್ಯಾಟಿನ್ನಿಗಿಂತ ಬೀದಿಯ ಲ್ಯಾಟಿನ್ನೇ ಹೆಚ್ಚು ಇಷ್ಟ. ಫ್ರೆಂಚು, ಇಟಾಲಿಯನ್ನು, ಸ್ಪ್ಯಾನಿಷ್ಷು ಇವೆಲ್ಲ ಅಕ್ಕತಂಗಿಯರಂತೆ, ತಾಯಿ ಲ್ಯಾಟಿನ್ನಂತೆ. ಆದರೆ ಆ ತಾಯಿ ಪಂಡಿತರ ಮನೆಯವಳಲ್ಲ. ಸಿಪಾಯಿಗಳು, ಗಾಡಿ ಹೊಡೆಯುವವರು, ಅಡಿಗೆಯವರು ಆಡುತ್ತಿದ್ದ ಮಾತು. ಪಂಡಿತರು ಕುದುರೆಗೆ 'ಎಕ್ವುಸ್' ಎನ್ನುತ್ತಿದ್ದರೆ ಬೀದಿಯವರು 'ಕಬಲ್ಲುಸ್' ಎನ್ನುತ್ತಿದ್ದರು. ಅಂದರೆ ಬಡಕಲು ತಟ್ಟು. ಇವತ್ತು ಆ ಮೂರು ದೇಶಗಳ ಸೇನಾಪತಿಗಳು ಏರುವ ಕುದುರೆಗೂ ಆ ತಟ್ಟುವಿನ ಹೆಸರೇ! ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಇನ್ನೂ ಒಂದು ಸೊಗಸು. ಬೀದಿಯ ಎಷ್ಟೋ ಮಾತನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಅದಕ್ಕೆ ಈಗಿನ ಪಂಡಿತರು ಹೆಣ್ಣುಮಕ್ಕಳ ಮುಖ ನೋಡಿ, ತಾಯಿಯ ಮುಖ ಹೀಗಿದ್ದಿರಬೇಕು ಎಂದು ತಾವೇ ಒಂದು ಪದ ಕಟ್ಟಿ ಅದರ ತಲೆಯ ಮೇಲೆ ಒಂದು ನಕ್ಷತ್ರ ಇಡುತ್ತಾರೆ. ಸಾಕ್ಷಿ ಇಲ್ಲ, ಆದರೆ ಇದ್ದೇ ಇದ್ದಿರಬೇಕು ಎಂದು ಅದರರ್ಥ.

ನಾನು ಮೇಷ್ಟರಾದ ಹೊತ್ತಿಗೇ ಮೊಳಕಾಲ್ಮುರಿನ ಒಬ್ಬ ರೇಷ್ಮೆ ಸಾಹುಕಾರರ ಮಗಳನ್ನು ನನಗೆ ಕೇಳಿದ್ದರು. ನಮ್ಮವರೇ, ಲಿಂಗವಂತರು. ಹುಡುಗಿಯನ್ನು ನಾನು ಅಂಗಡಿಯಲ್ಲಿ ಒಮ್ಮೆ ನೋಡಿದ್ದೆ. ರೇಷ್ಮೆ ಎಳೆಯನ್ನು ಬೆಳಕಿಗೆ ಹಿಡಿದು, "ಅಪ್ಪಾ, ಇದ್ರಾಗೆ ಹತ್ತಿ ಬೆರೆಸವ್ರೆ" ಎಂದಳು. ಆಮೇಲೆ ಅದೇ ಕಣ್ಣಿನಿಂದ ನನ್ನನ್ನೂ ಒಂದು ಸಲ ನೋಡಿದಳು. ಮದುವೆ ಅಂತಾದರೆ ಇವಳನ್ನೇ ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಮಾತು ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಸಾಹುಕಾರರ ಕಿವಿಯಲ್ಲಿ, "ಲ್ಯಾಟಿನ್ ಅಂದ್ರೆ ಪಾದ್ರಿಗಳು ಇಗರ್ಜಿಯಲ್ಲಿ ಓದೋ ಮಂತ್ರ ಕಣ್ರೀ. ಹುಡುಗ ಮತ ಬಿಟ್ಟವ್ನೋ ಏನೋ, ವಿಚಾರ್ಸಿ" ಎಂದು ಊದಿದ. ಅಲ್ಲಿಂದ ಶುರುವಾಯಿತು.

ನೀರಲ್ಲಿ ನೆನೆದ ನಿಘಂಟು

ಬೊಂಬಾಯಿಯ ಅಂಗಡಿಯಿಂದ ನಾನೊಂದು ಲ್ಯಾಟಿನ್ ನಿಘಂಟು ತರಿಸಿದ್ದೆ. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಗಿಂತ ಭಾರ. ಬಂಗಾಳದ ಕಡೆ ಬಾಂಬಿನ ಗಲಾಟೆ ಎಂದು ಪತ್ರಿಕೆಯಲ್ಲೆಲ್ಲ ಬರುತ್ತಿದ್ದ ಕಾಲ ಅದು. ನಮ್ಮ ಪೋಸ್ಟ್ ಮಾಸ್ತರು ಆ ಕಟ್ಟನ್ನು ಎತ್ತಿದರು, ಕಿವಿಗೆ ಹಿಡಿದರು, ಮೂಸಿದರು, ಕೊನೆಗೆ ಹಿತ್ತಲಿನಲ್ಲಿ ದನಕ್ಕೆ ನೀರಿಡುವ ಕಲ್ಲುಬಾನಿಯೊಳಗೆ ಮುಳುಗಿಸಿ ಪೋಲೀಸ್ ದಫೇದಾರರಿಗೆ ಹೇಳಿಕಳಿಸಿದರು.

ನಾನು ಓಡಿಹೋಗುವಷ್ಟರಲ್ಲಿ ದಫೇದಾರರು ಬಾನಿಯಿಂದ ಹತ್ತು ಮಾರು ದೂರದಲ್ಲಿ ಬೇವಿನಮರದ ಮರೆಗೆ ನಿಂತಿದ್ದರು.

"ಒಳಗೇನೈತ್ರಿ ಮೇಷ್ಟ್ರೇ?"

"ನಿಘಂಟು ಸ್ವಾಮಿ. ಲ್ಯಾಟಿನ್ ಭಾಷೇದು."

"ಯಾವ ಸೀಮೆಯೋರು ಆಡ್ತಾರೆ ಆ ಭಾಷೆನ?"

"ಯಾರೂ ಆಡಲ್ಲ. ಅದು ಸತ್ತ ಭಾಷೆ."

ದಫೇದಾರರು ಮರದ ಮರೆಯಿಂದ ಈಚೆ ಬಂದರು. "ಯಾರೂ ಆಡದ ಭಾಷೆ ನೀವ್ಯಾರ ಹತ್ರ ಆಡ್ತೀರಿ?"

"ಯಾರ ಹತ್ರಾನೂ ಇಲ್ಲ."

"ಯಾರಿಗೂ ತಿಳೀದಂಗೆ ಆಡೋಕೇ ಅಂತ ಒಂದು ಭಾಷೆ ಕಲ್ತಿದೀರಿ. ಒಪ್ಕೊಂಡ್ರಿ. ಬರ್ಕೋ ಲೇ!" ಎಂದು ಪೇದೆಗೆ ಹೇಳಿದರು.

ನಾನು ಬಾನಿಗೆ ಕೈ ಹಾಕಿದೆ. ಒದ್ದೆ ನಿಘಂಟನ್ನು ಎತ್ತಿ ಬಿಚ್ಚಿ, ಸಿಕ್ಕ ಪುಟ ತೋರಿಸಿ ಪಾಠ ಶುರುಮಾಡಿದೆ. "ನೋಡಿ ಸ್ವಾಮಿ, 'ತೆಸ್ತಾ' ಅಂದ್ರೆ ಮಣ್ಣಿನ ಮಡಿಕೆ. ಬೀದಿ ಜನ ತಮಾಷೆಗೆ ತಲೇನ ಮಡಿಕೆ ಮಡಿಕೆ ಅಂತಿದ್ರು. ಅದೇ ನಿಂತುಬಿಡ್ತು. ಇವತ್ತು ಫ್ರೆಂಚರು ತಲೆಗೆ ಅನ್ನೋ ಮಾತು ಈ ಮಡಿಕೆಯಿಂದಲೇ ಹುಟ್ಟಿದ್ದು. ಇಷ್ಟೇ ಸ್ವಾಮಿ ಇದರೊಳಗೆ ಇರೋದು."

ದಫೇದಾರರು ರುಮಾಲು ಎತ್ತಿದರು. ಕೈಯಲ್ಲಿದ್ದ ಬೆತ್ತದಿಂದ ತಮ್ಮ ನೆತ್ತಿಯನ್ನು ಎರಡು ಸಲ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿದರು.

"ನನ್ನದು ಮಡಿಕೆ ಸದ್ದು ಬರಲ್ಲ" ಎಂದು ರುಮಾಲು ಇಟ್ಟುಕೊಂಡರು. "ಪೇದೇದು ಬರ್ತೈತೆ. ಅವ್ನ ಮೇಲೆ ಒಂದು ಕಣ್ಣಿಡ್ತೀನಿ. ನೀವು ಹೋಗ್ರಿ."

ಮೂರು ಮನೆ, ಮೂರು ಮಾತು

ಸುದ್ದಿ ನನಗಿಂತ ಮೊದಲು ಮೊಳಕಾಲ್ಮುರು ಸೇರಿತ್ತು, ಅದೂ "ಅಳಿಯನಾಗೋನನ್ನ ಪೋಲೀಸರು ಹಿಡಿದ್ರಂತೆ" ಎಂದು. ಸಮಾಧಾನ ಹೇಳಲು ಗಾಡಿ ಕಟ್ಟಿಸಿಕೊಂಡು ಹೋದೆ. ಸಾಹುಕಾರರು ಸಿಗಲಿಲ್ಲ, ಕೊಂಡ್ಲಹಳ್ಳಿಗೆ ಹೋಗಿದ್ದರು. ಬರುವತನಕ ಸುಮ್ಮನೆ ಕೂರುವುದೇಕೆ ಎಂದು ನೇಕಾರರ ಬೀದಿಗೆ ಇಳಿದೆ.

ಅಲ್ಲಿಯವರ ಮನೆಮಾತು ತೆಲುಗು, ಹೊರಗೆ ಕನ್ನಡ. ಕಾಲೇಜಿನಲ್ಲಿ ದೊರೆ ಲ್ಯಾಟಿನ್ ತಾಯಿಯನ್ನು ಹುಡುಕಿದಂತೆ ಇಲ್ಲಿ ನಾನು ಕನ್ನಡ-ತೆಲುಗಿನ ತಾಯಿಯನ್ನು ಹುಡುಕಿಬಿಡೋಣ ಎಂಬ ಹುಮ್ಮಸ್ಸು. ಮೊದಲ ಮನೆಯಲ್ಲಿ ಮಗ್ಗದ ಮುಂದೆ ಕೂತ ಹಿರಿಯನನ್ನು, "ಈ ಮರದ ತುಂಡಿಗೆ ಏನಂತೀರಪ್ಪಾ?" ಎಂದು ಕೇಳಿದೆ.

ಅವನು ಕೈ ನಿಲ್ಲಿಸಿ, "ಎಂದುಕು ಸಾಮೀ? ಯಾತಕ್ಕೆ ಕೇಳ್ತೀರಿ?" ಎಂದ.

"ಸುಮ್ಮನೆ. ಹೆಸರು ತಿಳ್ಕೊಳ್ಳೋಕೆ."

ಸುಮ್ಮನೆ ಕೇಳುವವನನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಪರವೂರಿನ ವ್ಯಾಪಾರಿಗಳು ಹೀಗೇ ಬಂದು, ನಗುನಗುತ್ತ ಮಾತಾಡಿ, ಸೀರೆಯ ಅಂಚಿನ ಕಸುಬು ಕದ್ದುಕೊಂಡು ಹೋಗುತ್ತಾರೆ ಎಂಬ ಭಯ ಅವರಿಗೆ. ಅವನ ಹೆಂಡತಿ ಒಳಗಿಂದ ಬಂದವಳೇ ಮಗ್ಗದಲ್ಲಿದ್ದ ಸೀರೆಯ ಮೇಲೆ ಒಂದು ಕಂಬಳಿ ಹೊದಿಸಿದಳು. ಆಮೇಲೆ ಆತ ಕೇಳಿದ್ದಕ್ಕೆಲ್ಲ ಪಟಪಟನೆ ಹೆಸರು ಹೇಳಿದ. ಅಂಥ ಪದಗಳನ್ನು ನಾನು ಕನ್ನಡದಲ್ಲೂ ಕೇಳಿರಲಿಲ್ಲ, ತೆಲುಗಿನಲ್ಲೂ ಕೇಳಿರಲಿಲ್ಲ. ಪಕ್ಕದ ಮನೆಗೆ ಹೋದೆ. ಅಲ್ಲಿ ಅದೇ ಮರದ ತುಂಡಿಗೆ ಬೇರೆಯೇ ಹೆಸರು! ಎರಡನ್ನೂ ಬರೆದುಕೊಂಡೆ. ಒಂದು ಗೋಡೆಯ ಆಚೆ ಈಚೆ ಎರಡು ಭಾಷೆ! ಯುರೋಪಿನಲ್ಲೂ ಇಂಥದ್ದಿಲ್ಲ. ಮೂರನೆಯ ಮನೆಯಲ್ಲಿ ಮೂರನೆಯ ಹೆಸರು.

ಸಂತೋಷ ತಡೆಯದೆ ಆ ಮನೆಯ ಯಜಮಾನನಿಗೇ ಹೇಳಿದೆ: "ಯಜಮಾನ್ರೇ, ನಿಮ್ಮ ಬೀದಿ ಸಾಮಾನ್ಯದ್ದಲ್ಲ. ಮೂರು ಮನೆಗೆ ಮೂರು ಮಾತು!"

ಅವನಿಗೆ ನನ್ನನ್ನು ನೋಡಿ ಕನಿಕರ ಬಂದಿರಬೇಕು. ಮಗ್ಗದಿಂದ ಎದ್ದು ಬಂದು ಮೆಲ್ಲಗೆ ಹೇಳಿದ:

"ಏನು ಮಾಡೋದು ಸಾಮೀ, ನೀವು ಬಿರಬಿರನೆ ಬಂದುಬಿಟ್ರಿ. ಒಂದು ಗಳಿಗೆ ಬಿಟ್ಟು ಬಂದಿದ್ರೆ ಮಾತಾಡ್ಕೊಂಡು ಮೂರೂ ಮನೆಯೋರು ಒಂದೇ ಸುಳ್ಳು ಹೇಳ್ತಿದ್ವಿ."

ಕಾವಲಿನಲ್ಲಿ ಒಂದು ನಕ್ಷತ್ರ

ಸಾಹುಕಾರರ ಕಿವಿಗೆ ಇದೂ ಬಿತ್ತು. "ಪಾದ್ರಿಗಳೂ ಹಿಂಗೇ ಕಣ್ರೀ, ಮೊದ್ಲು ಬೀದಿ ಬೀದಿ ಸುತ್ತಿ ಮಾತು ಕಲೀತಾರೆ, ಆಮೇಲೆ ಪುಸ್ತಕ ಹಂಚ್ತಾರೆ" ಎಂದರಂತೆ. ನಾನು ಮುಖ ಇಳಿಬಿಟ್ಟುಕೊಂಡು ಚಳ್ಳಕೆರೆಗೆ ಹಿಂದಿರುಗಿದೆ.

ಮುಂದಿನ ವಾರ ಉಳ್ಳಾರ್ತಿ ಕಾವಲ್ ಹಾದು ಎಲ್ಲಿಗೋ ಹೋಗುತ್ತಿದ್ದಾಗ ಗಾಡಿಯವನು ಎತ್ತು ಬಿಚ್ಚಿ ಮೇಯಲು ಬಿಟ್ಟ. ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುವೆ ಸರ್ಕಾರದ ಅಮೃತಮಹಲ್ ತಳಿಯ ದನ. ಹೆಗಲಿಗೆ ಕಂಬಳಿ ಹಾಕಿದ ಒಬ್ಬ ಮುದುಕ ದನ ಕಾಯುತ್ತಿದ್ದ. ದೂರದಲ್ಲಿ ಹುಲ್ಲೆಗಳ ಹಿಂಡೊಂದು ಓಡಿತು. ನನಗೆ ಬೇಟೆ ನೆನಪಾಯಿತು, ಬೇಟೆಯಿಂದ ಲ್ಯಾಟಿನ್ ನೆನಪಾಯಿತು. ಬಾಯಿ ಸುಮ್ಮನಿರಬೇಕಲ್ಲ!

"ಅಜ್ಜಾ, ಬೇಟೆಯಾಡೋದಕ್ಕೆ ಫ್ರೆಂಚರದೊಂದು ಮಾತು, ಇಟಲಿಯವರದೊಂದು, ಸ್ಪೇನಿನವರದೊಂದು. ಮೂರಕ್ಕೂ ತಾಯಿ 'ಕಾಪ್ತಿಯಾರೆ' ಅಂತಿದ್ದಿರಬೇಕು. ಆದ್ರೆ ಯಾರೂ ಬರೆದಿಟ್ಟಿಲ್ಲ. ಅದಕ್ಕೇ ಅದರ ಮೇಲೆ ಹೀಗೊಂದು ಗುರುತು ಹಾಕ್ತಾರೆ" ಎಂದು ಕೋಲಿನಿಂದ ಧೂಳಿನಲ್ಲಿ ದೊಡ್ಡದೊಂದು ನಕ್ಷತ್ರ ಬರೆದೆ.

ಮುದುಕ ಬಗ್ಗಿ ನೋಡಿದ. ಸರ್ಕಾರಿ ದನಕ್ಕೆ ಮುದ್ರೆ ಒತ್ತುವುದನ್ನು ನೋಡುತ್ತಲೇ ಹುಟ್ಟಿ ಬೆಳೆದವನು. "ಇದು ಯಾರ ಮುದ್ರೆ?" ಎಂದ.

"ಯಾರದ್ದೂ ಅಲ್ಲ. ಯಾರ ಕಣ್ಣಿಗೂ ಬೀಳದೆ ಇರೋದಕ್ಕೆ, ಸಾಕ್ಷಿ ಇಲ್ಲದ್ದಕ್ಕೆ ಹಾಕೋದು."

ಇದಕ್ಕಿಂತ ಕೆಟ್ಟ ಉತ್ತರವನ್ನು ಒಬ್ಬ ದನಗಾಹಿಗೆ ನಾನು ಕೊಡುವಂತಿರಲಿಲ್ಲ. ಮುದುಕ ಬಾಯಿಗೆ ಕೈಯಿಟ್ಟು ಒಂದು ಕೂಗು ಹಾಕಿದ. ಹುಲ್ಲಿನೊಳಗಿಂದ ನಾಲ್ಕು ಕಡೆ ನಾಲ್ಕು ಜನ ಎದ್ದರು, ನಾಲ್ವರ ಕೈಯಲ್ಲೂ ದೊಣ್ಣೆ. "ಸಾಕ್ಷಿ ಇಲ್ದ ದನಕ್ಕೆ ಮುದ್ರೆ ಹಾಕೋನು ಇವ್ನೇ! ಹಿಂಡು ಎಣಿಸ್ರಲೇ!"

ಎಣಿಸುವ ತನಕ ನನ್ನನ್ನು ನಕ್ಷತ್ರದ ಪಕ್ಕದಲ್ಲೇ ಬಿಸಿಲಿಗೆ ಕೂರಿಸಿದರು. ನಾನು ಮೇಷ್ಟರು ಎಂದೆ. "ಮೇಷ್ಟ್ರಾದ್ರೆ ಮಕ್ಕಳ್ನ ಕಾಯ್ಬೇಕಪ್ಪ, ದನದ ತಾವ ನಿಂಗೇನು ಕೆಲ್ಸ?" ಎಂದ ಮುದುಕ. ಮಾತು ನ್ಯಾಯವಾಗಿಯೇ ಇತ್ತು. ಬಹಳ ಹೊತ್ತಿನ ಮೇಲೆ ಒಬ್ಬ ಓಡಿಬಂದು, "ಅಜ್ಜಾ, ಲೆಕ್ಕ ಸರಿಯಾಗೈತೆ. ಒಂದು ಕರುವೂ ಕಮ್ಮಿ ಇಲ್ಲ" ಎಂದ.

ನಾನು ಧೂಳು ಕೊಡವಿಕೊಂಡು ಎದ್ದೆ. "ನೋಡಿದೆಯಾ ಅಜ್ಜಾ? ಈಗಲಾದರೂ ಅನುಮಾನ ಹೋಯ್ತಾ?"

"ಹೋಗೋದೆಲ್ಲಿಗೆ? ಇನ್ನೂ ಜಾಸ್ತಿ ಆತು" ಎಂದ ಮುದುಕ. "ಇವತ್ತು ಒಂದೂ ಕದೀದೆ ಹೋಗ್ತೀಯ ಅಂದ್ರೆ, ನಾಳೆ ಬರ್ತೀಯ ಅಂತ ತಾನೇ?"

ಕರಡಿಗೆಯ ಹೊಳಪು

ಸಾಹುಕಾರರದು ಪೇಚಿನ ಸ್ಥಿತಿ. ಮತ ಬಿಟ್ಟಿದ್ದೀಯಾ ಎಂದು ನೇರವಾಗಿ ಕೇಳಿದರೆ ಬೀಗತನದ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ಮಗಳು ಹೋಗುತ್ತಾಳೆ. ಕೊನೆಗೆ ಒಂದು ಉಪಾಯ ಮಾಡಿ ನನ್ನನ್ನು ಊಟಕ್ಕೆ ಕರೆದರು. ಹೋದ ಕೂಡಲೆ, "ದಣಿದು ಬಂದೀರಿ, ಮೊದ್ಲು ಸ್ನಾನ ಆಗ್ಲಿ" ಎಂದರು. ಬಚ್ಚಲಲ್ಲಿ ನೀರು ಹಾಕಲು ಒಬ್ಬ ಹಳೆಯ ಆಳು. ಅವನ ಕಣ್ಣು ನೀರಿನ ಮೇಲೆ ಇರಲಿಲ್ಲ, ನನ್ನ ಎದೆಯ ಮೇಲಿತ್ತು. ಬಿಸಿನೀರು ಬಚ್ಚಲಿಗೆ ಬಿತ್ತು, ತಣ್ಣೀರು ನನಗೆ ಬಿತ್ತು.

ಹೊರಗೆ ಸಾಹುಕಾರರು ಆಳನ್ನು ಕರೆದು ನಡೆಸಿದ ವಿಚಾರಣೆ ಗೋಡೆಯೀಚೆಗೆ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಲಿಂಗ ಐತೇನ್ಲೇ?"

"ಐತೆ ಬುದ್ಧಿ. ಬೆಳ್ಳಿ ಕರಡಿಗೆ, ಶಿವದಾರ, ಎಲ್ಲಾ ಐತೆ."

"ಕರಡಿಗೆ ಹಳೇದಾ, ಹೊಸದಾ?"

"ಥಳಥಳ ಅಂತೈತೆ ಬುದ್ಧಿ. ಕಣ್ಣು ಕೋರೈಸ್ತೈತೆ."

"ಹಂಗಾದ್ರೆ ನಿನ್ನೆ ಕೊಂಡದ್ದು!"

ಅಯ್ಯೋ, ಅದು ನಮ್ಮವ್ವನ ಕೆಲಸ! ಬೀಗರ ಮನೆಗೆ ಹೋಗುವ ಮಗ ಎಂದು ಹಿಂದಿನ ದಿನವೆಲ್ಲ ವಿಭೂತಿ ಹಾಕಿ ಲಿಂಗ ಇಡುವ ಕರಡಿಗೆಯನ್ನು ಉಜ್ಜಿ ಉಜ್ಜಿ ಬೆಳಗಿದ್ದಳು. ಊರಿಗೆ ಬಂದು ನಡೆದದ್ದು ಹೇಳಿದೆ. ಅವ್ವ ತಲೆ ಚಚ್ಚಿಕೊಂಡಳು. "ಮುಂದಿನ ಸಲ ಮುಟ್ಟಂಗಿಲ್ಲ, ಮಾಸಿದಂಗೇ ಇರ್ಲಿ" ಎಂದು ಆಣೆ ಹಾಕಿದಳು. ಎರಡನೆಯ ಸಲ ಊಟಕ್ಕೆ ಕರೆ ಬಂತು. ಅದೇ ಸ್ನಾನ, ಅದೇ ಆಳು, ಅದೇ ಗೋಡೆ.

"ಏನ್ಲೇ, ಹೊಳೀತೈತಾ?"

"ಇಲ್ಲ ಬುದ್ಧಿ. ಕರ್ರಗೆ ಕಿಲುಬು ಹಿಡಿದೈತೆ."

ಗೋಡೆಯಾಚೆ ಒಂದು ನಿಟ್ಟುಸಿರು. "ನೋಡಿದ್ಯಾ? ದಿನಾ ಪೂಜೆ ಮಾಡೋನ ಕರಡಿಗೆ ಹಿಂಗಿರ್ತದೇನ್ಲೇ?"

ಬಾಗಿಲ ಹಿಂದಿನ ಪ್ರಶ್ನೆ

ಕಡೆಗೆ ಸಾಹುಕಾರರ ತಾಯಿ, ಆ ಮನೆಯ ಅಜ್ಜಿ, ತೀರ್ಪು ತನ್ನ ಕೈಗೆ ತಗೊಂಡಳು. "ಹುಡುಗನ ಕಡೆಯೋರು ಎಲ್ಲಾರೂ ಬರ್ಲಿ. ಒಪ್ಪಿದ್ರೆ ಅವತ್ತೇ ತಾಂಬೂಲ. ಇಲ್ಲಾಂದ್ರೆ ಊಟ ಮಾಡ್ಕೊಂಡು ಹೋಗ್ಲಿ" ಎಂದು ಹೇಳಿಕಳಿಸಿದಳು. ನಾನು, ಅವ್ವ, ತೀರಿಹೋಗಿದ್ದ ಅಪ್ಪನ ಅಕ್ಕತಂಗಿಯರಾದ ಮೂವರು ಸೋದರತ್ತೆಯರು ಎರಡು ಗಾಡಿ ತುಂಬಿಕೊಂಡು ಹೋದೆವು. ದಾರಿಯುದ್ದಕ್ಕೂ ನನಗೆ ಅದೇ ಜಪ: ತಾಂಬೂಲವೋ, ಬರೀ ಊಟವೋ?

ಪಡಸಾಲೆಯಲ್ಲಿ ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಬಾಗಿಲ ಹಿಂದೆ ಬಳೆ ಸದ್ದು ಕೇಳಿಸಿತು.

"ಏನಪ್ಪಾ ಅದು ನಿನ್ನ ವಿದ್ಯೆ? ಮುಚ್ಚುಮರೆ ಇಲ್ದಂಗೆ ಹೇಳು."

ನಾನು ಹೇಳಿದೆ. ಇಟಾಲಿಯನ್ನು, ಸ್ಪ್ಯಾನಿಷ್ಷು, ಫ್ರೆಂಚು ಅಂತ ಮೂವರು ಹೆಣ್ಣುಮಕ್ಕಳು. 'ಕೈಲಾಗೋದು' ಅನ್ನುವುದಕ್ಕೆ ಒಬ್ಬಳು ಪೊತೆರೆ ಅಂತಾಳೆ, ಒಬ್ಬಳು ಪೊದೇರ್, ಇನ್ನೊಬ್ಬಳು ಮೂಗಿನಲ್ಲಿ ಏನೋ ಅಂತಾಳೆ. ತಾಯಿ ಏನಂತಿದ್ದಳೋ ಬರೆದಿಟ್ಟವರಿಲ್ಲ. ಮಕ್ಕಳ ಮಾತು ಕೇಳಿ ತಾಯಿಯ ಮಾತು ಕಂಡುಹಿಡಿಯುವುದೇ ಈ ವಿದ್ಯೆ.

"ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ, ಆದ್ರೂ ಮಕ್ಕಳ್ನ ನೋಡಿ ಅವ್ವ ಎಂಥೋಳು ಅಂತ ಹೇಳ್ತಾರೆ?"

"ಹೌದಜ್ಜಿ."

"ಇದಕ್ಕೆ ಆ ದೊರೆಗೆ ಸಂಬಳ ಬೇರೆ ಕೊಡ್ತಾರೆ?"

"ಕೊಡ್ತಾರಜ್ಜಿ."

"ಅಯ್ಯೋ ನನ್ನ ಕರ್ಮವೇ! ಈ ಊರಾಗೆ ಹೆಣ್ಣು ನೋಡೋಕೆ ಹೋದಾಗೆಲ್ಲ ನಾನು ಅದ್ನೇ ಪುಕ್ಸಟ್ಟೆ ಮಾಡ್ಕೊಂಡು ಬಂದೀನಲ್ಲೋ!" ಎಂದು ಅಜ್ಜಿ ಮಂಡಿ ತಟ್ಟಿಕೊಂಡು ಎದ್ದಳು. "ತಡಿ. ನಿಮ್ಮಜ್ಜಿನ ನಾನು ಕಂಡಿಲ್ಲ, ಸತ್ತು ಎಷ್ಟೋ ಕಾಲ ಆತು. ಆದ್ರೆ ಮಕ್ಕಳು ಬಂದವ್ರಲ್ಲ. ನಾನೂ ಕಂಡುಹಿಡೀತೀನಿ."

ಹೋಳಿಗೆ ಬಡಿಸಿದರು. ಅಜ್ಜಿಯೇ ತುಪ್ಪದ ಗಿಂಡಿ ಹಿಡಿದು ಒಬ್ಬೊಬ್ಬ ಅತ್ತೆಯ ಮುಂದೆಯೂ ಬಗ್ಗಿದಳು. ದೊಡ್ಡತ್ತೆ ತುಪ್ಪ ಹಾಕಿಸಿಕೊಂಡು, ಸೆರಗು ಸರಿಮಾಡುವವಳಂತೆ ಬಗ್ಗಿ ಮೂಸಿದಳು. ನಡುವಿನತ್ತೆ ಬೆರಳಲ್ಲಿ ಮುಟ್ಟಿ, ಮೂಗು ಒರೆಸಿಕೊಳ್ಳುವವಳಂತೆ ಮೂಸಿದಳು. ಚಿಕ್ಕತ್ತೆಗೆ ಯಾವ ನಾಟಕವೂ ಇಲ್ಲ, ಎಲೆಯೇ ಎತ್ತಿ ಮೂಸಿದಳು.

ಅಜ್ಜಿ ಗಿಂಡಿಯನ್ನು ನೆಲಕ್ಕಿಟ್ಟು, "ಇವರವ್ವ ಮಹಾ ಅನುಮಾನದ ಹೆಂಗ್ಸು. ಸೊಸೆ ಕಾಯಿಸಿದ ಹಾಲನ್ನ ಬೆಕ್ಕಿಗೆ ಕುಡಿಸಿ, ಬೆಕ್ಕು ಬದುಕಿದ್ರೆ ತಾನು ಕುಡೀತಿದ್ದಳು" ಎಂದಳು.

ಅತ್ತೆಯರ ಕೈ ತುತ್ತಿನಲ್ಲೇ ನಿಂತಿತು. ಆಗ ಮೂಲೆಯಿಂದ ಒಂದು ದನಿ, ಎಷ್ಟೋ ವರ್ಷದಿಂದ ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿನಂತೆ ನುಗ್ಗಿ ಬಂತು. ನಮ್ಮವ್ವನದು. ಆ ಅನುಮಾನದ ಹೆಂಗಸಿಗೆ ಸೊಸೆಯಾಗಿ ಹಾಲು ಕಾಯಿಸಿದವಳು.

"ನಿಜಾನ್ರೀ! ಕಣ್ಣಾರೆ ಕಂಡಂಗೆ ಹೇಳಿದ್ರಿ ನನ್ತಾಯೀ! ಎರಡು ಬೆಕ್ಕು ಸಾಕಿದ್ಲು ಕಣ್ರೀ, ಒಂದರ ಮೇಲೂ ನಂಬಿಕೆ ಇರ್ಲಿಲ್ಲ!"

ಸಾಹುಕಾರರು ಬಿದ್ದು ಬಿದ್ದು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ನಗು ಮುಗಿದ ಮೇಲೆ ಮತ್ತೆ ಅದೇ ಮುಖ. "ವಿದ್ಯೆ ಏನೋ ನಿಜಾನೇ ಅವ್ವಾ. ಆದ್ರೆ ಹುಡುಗನ ವಿಚಾರ..." ಎಂದು ನನ್ನ ಎದೆಯ ಕಡೆ ನೋಡಿ ಮಾತು ನುಂಗಿದರು. ಅಜ್ಜಿಯೂ ತಲೆ ತುರಿಸಿಕೊಂಡಳು. ತಾಂಬೂಲದ ತಟ್ಟೆ ಒಳಗೇ ಇತ್ತು.

ಆಗ ಬಾಗಿಲ ಹಿಂದಿನ ಬಳೆ ಸದ್ದು ಮಾಡಿತು. ಮದುವೆಗೆ ಮೊದಲು ಹುಡುಗಿ ಹುಡುಗನ ಕೂಡೆ ಮಾತಾಡುವುದು ಆ ಕಾಲದಲ್ಲಿ ಕೇಳರಿಯದ ಸಂಗತಿ. ಆದ್ದರಿಂದ ಅವಳು ಅಜ್ಜಿಯ ಕೂಡೆ ಮಾತಾಡಿದಳು, ಇಡೀ ಪಡಸಾಲೆಗೆ ಕೇಳುವಂತೆ.

"ಅಜ್ಜೀ, ಮೂವರು ಹೆಣ್ಣುಮಕ್ಕಳು ಅಂದ್ರು. ಅವ್ವನ್ನ ಹುಡುಕಿದ್ರು ಅಂದ್ರು. ಅಪ್ಪ ಯಾರು ಅಂತ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಯೋಚಿಸಿದೆ. ಕಾಲೇಜಿನ ಅಷ್ಟೂ ಪಾಠ ಕಣ್ಣ ಮುಂದೆ ಬಂತು. ದೊರೆ ಎಂಥೆಂಥ ಮಾತಿಗೆ ತಾಯಿ ಹುಡುಕಿದ್ದ, ಅಜ್ಜಿ ಹುಡುಕಿದ್ದ, ಅಪ್ಪನ ಸುದ್ದಿಯನ್ನು ಮಾತ್ರ ಒಂದು ದಿನವೂ ಎತ್ತಿರಲಿಲ್ಲ. ನಾವು ಅಷ್ಟು ಜನ ಹುಡುಗರಲ್ಲಿ ಒಬ್ಬನೂ ಕೇಳಿರಲಿಲ್ಲ. ಹಣೆಯ ಬೆವರು ವಿಭೂತಿ ದಾಟಿ ಕೆಳಗಿಳಿಯಿತು.

"ಅದು... ಅದು ನನಗೆ ಗೊತ್ತಿಲ್ಲ" ಎಂದೆ.

ಸಂಬಂಧ ಮುರಿದೇಹೋಯಿತು ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲ ಹಿಂದಿನಿಂದ ತಣ್ಣಗೆ ಮಾತು ಬಂತು.

"ಅಪ್ಪಾ, ತಾಂಬೂಲ ತರಿಸ್ರಿ. ಇವರು ಪಾದ್ರಿ ಅಲ್ಲ. ಪಾದ್ರಿ ಆಗಿದ್ರೆ ಅಪ್ಪ ಯಾರು ಅಂತ ಕೇಳಿದ ಕೂಡ್ಲೆ ಮೇಲಕ್ಕೆ ಕೈ ತೋರಿಸ್ತಿದ್ರು."